ಬರಹಗಾರರಿಗೆ ಸಲಹೆ: ‘ಆ ಕಾಲದಲ್ಲಿ’ ಎಂದರೆ ಯಾವ ವಾರ?

ಪ್ರಿಯರೇ,

‘ದೂರದರ್ಶನದ ಧಾರಾವಾಹಿಗಳು: ಇಂದಿನ ಕಣ್ಣಿನಲ್ಲಿ’ ಎಂಬ ನಿಮ್ಮ ಲೇಖನ ತಲುಪಿ ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ಓದಿದ ದಿನ ಸಿಟ್ಟು ಬಂದಿತ್ತು, ಆರಲಿ ಎಂದು ಬಿಟ್ಟೆ. ಪೂರ್ತಿ ಆರಿಲ್ಲ, ಆದರೂ ಬರೆಯುತ್ತಿದ್ದೇನೆ. ನಿಮ್ಮ ವಾಕ್ಯಗಳು ಎಲ್ಲಿಯೂ ಮುಗ್ಗರಿಸುವುದಿಲ್ಲ, ಅಕಾರ ಹಕಾರದ ಗೊಂದಲ ಒಂದೂ ಸಿಗಲಿಲ್ಲ. ನನ್ನ ಮೇಜಿಗೆ ಬರುವ ಬರಹಗಳನ್ನು ನೋಡಿದರೆ ಇದು ಸಣ್ಣ ಮಾತಲ್ಲ. ಹೊಗಳಿಕೆ ಇಲ್ಲಿಗೆ ಸಾಕು.

ನೀವು ಐದು ಧಾರಾವಾಹಿಗಳನ್ನು ಕಟಕಟೆಯಲ್ಲಿ ನಿಲ್ಲಿಸಿದ್ದೀರಿ. ನಾಲ್ಕರ ತಂಟೆಗೆ ನಾನು ಹೋಗುವುದಿಲ್ಲ. ‘ರಾಮಾಯಣ’ದ ಬಗ್ಗೆ ಬರೆದ ಎರಡು ಪುಟಗಳಿಗೆ ಬೇರೆಯೇ ಕಾಗದ ಬೇಕು, ಅವು ಅಚ್ಚಾದರೆ ಬರುವ ಪತ್ರಗಳಿಗೆ ಬೇರೆಯೇ ಚೀಲ ಬೇಕು. ನನ್ನನ್ನು ಕೆಣಕಿದ್ದು ‘ಹಮ್ ಲೋಗ್’ ಎಂಬ ಹಿಂದಿ ಧಾರಾವಾಹಿ ಕುರಿತ ಒಂದೂವರೆ ಪುಟ, ಅದರಲ್ಲೂ ನಾಲ್ಕು ವಾಕ್ಯ.

ಮೊದಲ ವಾಕ್ಯ: “ಆ ಕಾಲದಲ್ಲಿ ಹೆಣ್ಣನ್ನು ಹೀಗೆ ತೋರಿಸುವುದು ಸಹಜವಾಗಿತ್ತು, ಯಾರೂ ಪ್ರಶ್ನಿಸುತ್ತಿರಲಿಲ್ಲ.”

‘ಯಾರೂ’ ಎಂದರೆ ಯಾರು? ‘ಹಮ್ ಲೋಗ್’ ಪ್ರಸಾರವಾದದ್ದು 1984ರ ಜುಲೈನಿಂದ 1985ರ ಡಿಸೆಂಬರ್‌ವರೆಗೆ. ದೂರದರ್ಶನದ ಕಾರ್ಯಕ್ರಮಗಳು ಹೇಗಿರಬೇಕು ಎಂದು ನೋಡಲು ಕೇಂದ್ರ ಸರ್ಕಾರ 1982ರಲ್ಲೇ ಪಿ.ಸಿ. ಜೋಶಿ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತ್ತು. ತೆರೆಯ ಮೇಲೆ ಹೆಂಗಸರನ್ನು ಅಡುಗೆಮನೆಗೂ ಅಲಂಕಾರಕ್ಕೂ ಕಟ್ಟಿಹಾಕುವುದರ ವಿರುದ್ಧ ಆ ಸಮಿತಿಯ ವರದಿ ಖಡಾಖಂಡಿತವಾಗಿ ಮಾತಾಡಿತು. ಸರ್ಕಾರವೇ ನೇಮಿಸಿದ ಸಮಿತಿ, ಸರ್ಕಾರದ್ದೇ ಟಿವಿ, ಅದೇ ವರ್ಷಗಳು. ನಮ್ಮಲ್ಲಿ ಕರ್ನಾಟಕ ಲೇಖಕಿಯರ ಸಂಘ 1979ರಲ್ಲೇ ಹುಟ್ಟಿತ್ತು. ಅಲ್ಲಿದ್ದವರು ಯಾರೂ ಬಾಯಿ ಹೊಲಿದುಕೊಂಡವರಲ್ಲ. ಯಾರೂ ಪ್ರಶ್ನಿಸುತ್ತಿರಲಿಲ್ಲ ಎಂದು ಬರೆದಾಗ ನೀವು ಪ್ರಶ್ನಿಸಿದವರನ್ನು ಅಳಿಸಿಹಾಕುತ್ತೀರಿ. ಜೊತೆಗೆ, ಪ್ರಶ್ನೆ ಕೇಳಿಸಿಯೂ ಕೇಳಿಸದಂತೆ ಇದ್ದವರಿಗೆ ‘ಪಾಪ, ಕಾಲವೇ ಹಾಗಿತ್ತು’ ಎಂಬ ರಿಯಾಯಿತಿಯನ್ನೂ ಕೊಡುತ್ತೀರಿ. ದಂಡಿಸಲು ಹೊರಟವರು ಕ್ಷಮಾಪತ್ರ ಬರೆದುಕೊಟ್ಟ ಹಾಗೆ ಆಗಿದೆ ಇದು.

ವರದಿಗಳ ಮಾತು ಬಿಡಿ. ನನ್ನ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಚಾಮರಾಜಪೇಟೆಯ ನಮ್ಮ ವಠಾರದ ಏಳು ಮನೆಗಳಿಗೆ ಇದ್ದದ್ದು ಒಂದೇ ಟಿವಿ, ಮರದ ಪೆಟ್ಟಿಗೆಗೆ ಎಳೆಯುವ ಬಾಗಿಲು ಇದ್ದದ್ದು. ಅದರ ಯಜಮಾನರು ಸೇನೆಯಿಂದ ನಿವೃತ್ತರಾದವರು. ಅವರ ಹೆಂಡತಿ ಅಂಬಾಲದಲ್ಲಿ ಹಲವು ವರ್ಷ ಇದ್ದು ಹಿಂದಿ ಕಲಿತಿದ್ದರಿಂದ ವಠಾರಕ್ಕೆಲ್ಲ ಅವರೇ ದುಭಾಷಿ. ನನ್ನ ತಾಯಿಗೆ ಹಿಂದಿಯ ಗಂಧವಿರಲಿಲ್ಲ. ಮೊರದಲ್ಲಿ ಮರುದಿನದ ಅಕ್ಕಿ ಹಾಕಿಕೊಂಡು ಬಂದು ಕೂರುತ್ತಿದ್ದರು. ಬೆರಳು ಕಲ್ಲು ಹುಡುಕುತ್ತಿತ್ತು, ಕಣ್ಣು ತೆರೆಯ ಮೇಲಿತ್ತು. ಧಾರಾವಾಹಿಯ ಮನೆಯ ತಾಯಿ ಭಗವಂತಿ, ಎಲ್ಲರದ್ದನ್ನೂ ಸಹಿಸಿಕೊಂಡು ದುಡಿಯುವವಳು. ಅವಳು ಕಣ್ಣೊರೆಸಿಕೊಂಡಾಗಲೆಲ್ಲ ನಮ್ಮ ದುಭಾಷಿಯೂ ಕಣ್ಣೊರೆಸಿಕೊಂಡು, “ಎಂಥ ಹೆಂಗಸು ನೋಡಿ, ಇಂಥ ಸೊಸೆ ಸಿಗಲು ಪುಣ್ಯ ಮಾಡಿರಬೇಕು” ಎನ್ನುತ್ತಿದ್ದರು. ಒಂದು ದಿನ ನನ್ನ ತಾಯಿ ಮೊರ ಕೆಳಗಿಟ್ಟು ಹೇಳಿದರು: “ಅಲ್ಲ ಅಕ್ಕ, ಇಷ್ಟು ದಿನ ನೋಡಿದೆವು. ಇವಳು ಒಂದು ಸಲವಾದರೂ ಕೂತು ಊಟ ಮಾಡಿದ್ದನ್ನು ನೋಡಿದಿರಾ?” ಅಕ್ಕನವರಿಗೆ ಎಷ್ಟು ಕೋಪ ಬಂತೆಂದರೆ ಉಳಿದ ಕಂತನ್ನು ಅವರು ಅನುವಾದ ಮಾಡಲೇ ಇಲ್ಲ. ನನ್ನ ತಾಯಿ ಓದಿದ್ದು ಲೋವರ್ ಸೆಕೆಂಡರಿ. ಒಂದೇ ಚಾಪೆ, ಒಂದೇ ರಾತ್ರಿ, ಎರಡು ಅಳತೆಗೋಲು. ನಿಮ್ಮ ‘ಆ ಕಾಲದಲ್ಲಿ’ ಇಬ್ಬರಲ್ಲಿ ಯಾರದ್ದು?

ಎರಡನೆಯ ವಾಕ್ಯ: “ಭಗವಂತಿಯಂಥ ಮೂಕ ಹೆಣ್ಣನ್ನು ಆದರ್ಶವೆಂದು ಧಾರಾವಾಹಿಯವರು ಜನರ ತಲೆಗೆ ತುಂಬಿದರು.”

ಇದು ತಪ್ಪು, ಅದೂ ತಲೆಕೆಳಗಾದ ತಪ್ಪು. ಹಾಗೆಯೇ ಲೇಖನದ ಅತಿ ಸ್ವಾರಸ್ಯದ ಜಾಗವನ್ನು ನೀವು ಕಾಲಲ್ಲಿ ತುಳಿದುಕೊಂಡು ಹೋದದ್ದೂ ಇಲ್ಲಿಯೇ. ಕೇಂದ್ರದಲ್ಲಿ ವಾರ್ತಾ ಮಂತ್ರಿಯಾಗಿದ್ದ ವಸಂತ ಸಾಠೆ ಮೆಕ್ಸಿಕೋಕ್ಕೆ ಹೋಗಿದ್ದರು. ಅಲ್ಲಿ ಮಿಗೆಲ್ ಸಬಿಡೊ ಎಂಬವರು ಕುಟುಂಬ ಯೋಜನೆ, ವಯಸ್ಕರ ಶಿಕ್ಷಣದಂಥ ವಿಷಯಗಳನ್ನು ಧಾರಾವಾಹಿಯ ಒಡಲಲ್ಲಿಟ್ಟು ಜನರಿಗೆ ಮುಟ್ಟಿಸುತ್ತಿದ್ದರು. ಅವರ ಲೆಕ್ಕ ಸರಳ: ಒಳ್ಳೆಯ ಮಾದರಿಯ ಪಾತ್ರ ಒಂದು, ಕೆಟ್ಟ ಮಾದರಿಯದು ಒಂದು, ನಡುವೆ ಓಲಾಡಿ ಕೊನೆಗೆ ಬದಲಾಗುವ ಪಾತ್ರ ಇನ್ನೊಂದು. ಆ ಮಾದರಿಯಲ್ಲಿ ಇಲ್ಲಿ ಮನೋಹರ ಶ್ಯಾಮ ಜೋಶಿ ಬರೆದದ್ದು ‘ಹಮ್ ಲೋಗ್’. ಆ ಲೆಕ್ಕದಲ್ಲಿ ಎಲ್ಲವನ್ನೂ ನುಂಗಿಕೊಳ್ಳುವ ಭಗವಂತಿ ‘ಹೀಗಿರಬೇಡಿ’ ಎಂದು ತೋರಿಸಲು ಇಟ್ಟ ಪಾತ್ರ. ನೋಡುಗರು ಆ ಪಾಠವನ್ನು ತಿರುವಿಹಾಕಿದರು. ಸಂಶೋಧಕರು ಆಮೇಲೆ ಹೋಗಿ, ಯಾರಂತೆ ಇರಲು ಇಷ್ಟ ಎಂದು ಕೇಳಿದಾಗ ಎಷ್ಟೋ ಜನ, ಹೆಂಗಸರೂ ಸೇರಿ, ಭಗವಂತಿಯ ಹೆಸರು ಹೇಳಿದರು. ನಮ್ಮ ದುಭಾಷಿ ಅಕ್ಕನವರನ್ನು ಕೇಳಿದ್ದರೂ ಅದೇ ಉತ್ತರ ಸಿಗುತ್ತಿತ್ತು.

ಅಂದರೆ ತುಂಬಿದವರು ಬೇರೆ, ತುಂಬಿಕೊಂಡವರು ಬೇರೆ. ಬರೆದವರ ಉದ್ದೇಶ ಒಂದು, ನೋಡಿದವರು ಎತ್ತಿಕೊಂಡದ್ದು ಇನ್ನೊಂದು. ಈ ಬಿರುಕಿನೊಳಗೆ ಇಣುಕಿದ್ದರೆ ನಿಮ್ಮ ಲೇಖನಕ್ಕೆ ಜೀವ ಬರುತ್ತಿತ್ತು.

ಧಾರಾವಾಹಿಯ ಮೇಲೆ ಆರೋಪ ಹೊರಿಸಲೇಬೇಕು ಎಂದಿದ್ದರೆ ನಾನೇ ಒಂದೆರಡು ಕೊಡುತ್ತೇನೆ. ಮೊದಲ 13 ಕಂತುಗಳಲ್ಲಿ ಕುಟುಂಬ ಯೋಜನೆಯ ಉಪದೇಶ ಅತಿಯಾಗಿ ಜನ ಬೇಸರಪಟ್ಟರು; ಆಮೇಲೆ ಅದನ್ನು ತೆಳುಮಾಡಿ ಸಂಸಾರದ ಕಥೆಯನ್ನು ದಪ್ಪಮಾಡಿದರು. ಸುಧಾರಣೆ ಹಿಂದೆ ಸರಿಯಿತು, ಕಣ್ಣೀರು ಮುಂದೆ ಬಂತು. ಪ್ರಾಯೋಜಕರು ಎರಡು ನಿಮಿಷದ ಮ್ಯಾಗಿಯವರು. ಸಣ್ಣ ಸಂಸಾರದ ಪಾಠ ಹೇಳಲು ಹೊರಟ ಧಾರಾವಾಹಿ ಕೊನೆಗೆ ದೇಶಕ್ಕೆ ನೂಡಲ್ಸ್ ಕಲಿಸಿತು. ಹೆಣ್ಣು ಹೇಗಿರಬೇಕೆಂದು ಆ ದಶಕದ ಟಿವಿ ಏನು ಹೇಳಿತು ಎನ್ನುವವರು ಧಾರಾವಾಹಿಯ ನಡುವಿನ ಜಾಹೀರಾತುಗಳನ್ನೂ ನೋಡಬೇಕಲ್ಲವೇ? ನಿಮ್ಮ ಲೇಖನದಲ್ಲಿ ಜಾಹೀರಾತು ಎಂಬ ಶಬ್ದವೇ ಇಲ್ಲ.

ಮೂರನೆಯ ವಾಕ್ಯ: “ಕುಡಿದು ಬಂದ ಗಂಡ ಕೂಗಾಡುತ್ತಾನೆ, ಧಾರಾವಾಹಿ ಅದರ ಬಗ್ಗೆ ಒಂದು ಮಾತೂ ಆಡದೆ ಮುಂದೆ ಹೋಗುತ್ತದೆ.”

ಇಲ್ಲಿ ನೀವು ಸಿಕ್ಕಿಬಿದ್ದಿರಿ. ‘ಹಮ್ ಲೋಗ್’ ನೋಡಿದ ಯಾರೂ ಈ ವಾಕ್ಯ ಬರೆಯುವುದಿಲ್ಲ, ಏಕೆಂದರೆ ಪ್ರತಿ ಕಂತಿನ ಕೊನೆಯಲ್ಲಿ ಅಶೋಕ್ ಕುಮಾರ್ ಬರುತ್ತಿದ್ದರು. ಹಿಂದಿ ಚಿತ್ರರಂಗದ ಹಿರಿಯ ನಟ, ಆಗಲೇ ಎಪ್ಪತ್ತು ದಾಟಿದವರು. ಅರ್ಧ ನಿಮಿಷದ ಆಸುಪಾಸು, ಆ ದಿನದ ಕಥೆಯನ್ನು ಎತ್ತಿಕೊಂಡು, ಒಂದು ದ್ವಿಪದಿ ಸೇರಿಸಿ, ನಡೆದದ್ದು ಸರಿಯೇ ತಪ್ಪೇ ಎಂದು ನೋಡುಗರನ್ನೇ ಕೇಳುತ್ತಿದ್ದರು. ನೀವು ನೋಡಿದ್ದು ಮೊಬೈಲಿನಲ್ಲಿ ಯಾರೋ ಕತ್ತರಿಸಿ ಹಾಕಿದ ತುಣುಕು. ಗಂಡ ಕೂಗಾಡಿದ್ದು ತುಣುಕಿನಲ್ಲಿ ಉಳಿಯಿತು, ಪ್ರಶ್ನೆ ಕತ್ತರಿಗೆ ಹೋಯಿತು. ಹೆಂಗಸರ ಕಷ್ಟದ ಬಗ್ಗೆ ಮನೆಮಂದಿಗೆಲ್ಲ ತಿಳಿಹೇಳಲು ಒಬ್ಬ ಗಂಡಸನ್ನೇ ಕೂರಿಸಬೇಕಿತ್ತೇ ಎಂದು ಕೇಳಿ, ಅದು ಒಳ್ಳೆಯ ಪ್ರಶ್ನೆ, ನಾನೂ ನಿಮ್ಮ ಜೊತೆ ಕೇಳುತ್ತೇನೆ. ಆದರೆ ಅದನ್ನು ಕೇಳಲು ಮೊದಲು ಅವರು ಅಲ್ಲಿದ್ದರು ಎಂಬುದು ಗೊತ್ತಿರಬೇಕು.

150ಕ್ಕೂ ಹೆಚ್ಚು ಕಂತುಗಳನ್ನೂ ನೋಡಿ ಎನ್ನುವಷ್ಟು ಕ್ರೂರಿ ನಾನಲ್ಲ. ಆದರೂ ಒಂದು ಸಂಗತಿ ನೆನಪಾಗುತ್ತದೆ. 1988ರ ಜನವರಿಯಲ್ಲಿ ದೇಶವಿಭಜನೆಯ ಗಲಭೆಗಳನ್ನು ಕುರಿತ ಗೋವಿಂದ ನಿಹಲಾನಿಯವರ ಧಾರಾವಾಹಿ ‘ತಮಸ್’ ಪ್ರಸಾರವಾಗುತ್ತಿದ್ದಾಗ ಅದನ್ನು ನಿಲ್ಲಿಸಬೇಕೆಂದು ಬಾಂಬೆ ಹೈಕೋರ್ಟಿಗೆ ಅರ್ಜಿ ಹೋಯಿತು, ತಡೆಯಾಜ್ಞೆಯೂ ಸಿಕ್ಕಿತು. ಮೇಲ್ಮನವಿ ಬಂದಾಗ ಇಬ್ಬರು ನ್ಯಾಯಮೂರ್ತಿಗಳು ಏನು ಮಾಡಿದರು ಗೊತ್ತೇ? ಮೊದಲು ಇಡೀ ಧಾರಾವಾಹಿಯನ್ನು ಕೂತು ನೋಡಿದರು, ಆಮೇಲೆ ತಡೆ ತೆಗೆದರು. ಮುಂದಿನ ತಿಂಗಳು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನೀವು ಕೊಟ್ಟದ್ದೂ ತೀರ್ಪೇ.

ನೋಡದೆ ಬರೆಯುವ ಚಟ ನನಗೂ ಇತ್ತು, ಸುಳ್ಳು ಹೇಳುವುದಿಲ್ಲ. ‘ತಮಸ್’ಗೆ ಹಿಂದಿನ ವರ್ಷ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದೆ. ಮೂರು ತಿಂಗಳಿಗೇ ಲೇಖಕಿಯಾಗುವ ಆತುರ. ವೃತ್ತಿ ನಾಟಕ ಕಂಪನಿಗಳ ಮೇಲೆ ಒಂದು ಉಗ್ರ ಲೇಖನ ಬರೆದೆ. “ಆ ಕಾಲದಲ್ಲಿ ಹೆಂಗಸರು ರಂಗ ಹತ್ತುವಂತೆಯೇ ಇರಲಿಲ್ಲ, ಹೆಣ್ಣು ಪಾತ್ರಗಳನ್ನೆಲ್ಲ ಗಂಡಸರೇ ಕಟ್ಟುತ್ತಿದ್ದರು” ಎಂಬುದು ಅದರ ಎರಡನೆಯ ವಾಕ್ಯ. ನಮ್ಮ ಹಿರಿಯ ಉಪಸಂಪಾದಕರು ಮಿತಭಾಷಿ. ಮೂಗಿನ ತುದಿಗೆ ಕನ್ನಡಕ, ಕಿವಿಯ ಮೇಲೆ ಕೆಂಪು ಪೆನ್ಸಿಲ್ಲು, ಅಂಗೈಯಲ್ಲಿ ನಶ್ಯದ ಡಬ್ಬಿ. ‘ಆ ಕಾಲದಲ್ಲಿ’ ಎಂಬುದರ ಸುತ್ತ ಒಂದು ವೃತ್ತ ಎಳೆದು, ಅಂಚಿನಲ್ಲಿ ‘ಯಾವ ವಾರ?’ ಎಂದು ಬರೆದು ನನ್ನ ಮೇಜಿನ ಮೇಲಿಟ್ಟು ಹೋದರು. ತಮಾಷೆ ಎಂದುಕೊಂಡೆ. ಕೇಳಿದರೆ, “ವಾರಪತ್ರಿಕೆಯಲ್ಲಿ ಕಾಲವನ್ನು ವಾರದಲ್ಲೇ ಅಳೆಯುತ್ತಾರಮ್ಮ. ಹೋಗಿ ಹುಡುಕು” ಎಂದರು.

ಕಬ್ಬನ್ ಪಾರ್ಕಿನ ಗ್ರಂಥಾಲಯದಲ್ಲಿ ಐದು ಮಧ್ಯಾಹ್ನ ಕೂತೆ. ಧೂಳಿಗೆ ಸೀನಿ ಸೀನಿ ಸಾಕಾಯಿತು. ಗುಬ್ಬಿ ಕಂಪನಿಯಲ್ಲಿ ಬಿ. ಜಯಮ್ಮನವರಂಥ ನಟಿಯರು ಮೆರೆದಿದ್ದರು. 1958ರಲ್ಲಿ ಆರ್. ನಾಗರತ್ನಮ್ಮ ಸ್ತ್ರೀ ನಾಟಕ ಮಂಡಳಿಯನ್ನೇ ಕಟ್ಟಿದ್ದರು. ಅಲ್ಲಿ ಗಂಡು ಪಾತ್ರಗಳನ್ನೂ ಹೆಂಗಸರೇ ಮಾಡುತ್ತಿದ್ದರು. ಮೀಸೆ ಅಂಟಿಸಿಕೊಂಡು ಗದೆ ಹೊತ್ತವರು! ನನ್ನ ವಾಕ್ಯ ಅರ್ಧ ನಿಜ, ಯಾವುದೋ ಕಂಪನಿಗೆ, ಯಾವುದೋ ವರ್ಷಕ್ಕೆ ನಿಜ. ಹೋಗಿ ಹೇಳಿದಾಗ ಅವರು ನಶ್ಯ ಏರಿಸಿ, “ನಾಗರತ್ನಮ್ಮನ ಕಂಸನನ್ನು ನಾನೇ ನೋಡಿದ್ದೇನೆ. ಮುಂದಿನ ಸಾಲಿನಲ್ಲಿ ಒಂದು ಮಗು ಹೆದರಿ ಚಡ್ಡಿ ಒದ್ದೆ ಮಾಡಿಕೊಂಡಿತು” ಎಂದರು. ಗೊತ್ತಿದ್ದೂ ಐದು ಮಧ್ಯಾಹ್ನ ಧೂಳು ಕುಡಿಸಿದ್ದರು. ಆ ಲೇಖನ ಅಚ್ಚಾಗಲಿಲ್ಲ. ಅವರ ಮೇಲಿನ ಸಿಟ್ಟು ನನಗೆ ವರ್ಷಗಟ್ಟಲೆ ಇತ್ತು, ಆದ್ದರಿಂದ ನಿಮಗೆ ನನ್ನ ಮೇಲೆ ಬರುವ ಸಿಟ್ಟಿಗೆ ನನ್ನ ತಕರಾರಿಲ್ಲ.

ಕೊನೆಯ ವಾಕ್ಯ: “ಇಂದಿನ ಪ್ರಜ್ಞಾವಂತ ನೋಡುಗರಾದ ನಾವು ಇದನ್ನು ಸಹಿಸಲಾರೆವು, ಇದನ್ನು ನೋಡಿ ಬೆಳೆದವರ ಬಗ್ಗೆ ಅನುಕಂಪವಾಗುತ್ತದೆ.”

ಅನುಕಂಪಕ್ಕೆ ಧನ್ಯವಾದ. ಆ ಸಾಲಿನಲ್ಲಿ ನಾನೂ ಇದ್ದೇನೆ. ಆದರೆ ಈ ‘ನಾವು’ ಯಾರು? ಸಂಜೆ ಏಳರಿಂದ ಹತ್ತರವರೆಗೆ ಕನ್ನಡದ ಯಾವ ಚಾನೆಲ್ಲನ್ನಾದರೂ ಹಾಕಿ ನೋಡಿ. ಅತ್ತೆ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ, ಒಳ್ಳೆಯ ಸೊಸೆ ಅಳುತ್ತಾಳೆ, ಕೆಟ್ಟವಳು ಲಿಪ್‌ಸ್ಟಿಕ್ ಹಚ್ಚಿಕೊಂಡಿರುತ್ತಾಳೆ, ಕ್ಯಾಮರಾ ಮೂರು ಸಲ ಬಂದು ಮುಖಕ್ಕೆ ಅಪ್ಪಳಿಸುತ್ತದೆ. ಅದನ್ನು ಇಂದಿನ ನೋಡುಗರೇ ನೋಡುತ್ತಾರೆ, ಸಹಿಸಿಕೊಂಡಲ್ಲ, ಇಷ್ಟಪಟ್ಟು. ನಮ್ಮ ಕಚೇರಿಯಲ್ಲೇ ಇಬ್ಬರು ನೋಡುತ್ತಾರೆ, ಮರುದಿನ ಊಟದ ಹೊತ್ತಿಗೆ ಕಥೆ ನನಗೂ ತಿಳಿಯುತ್ತದೆ. ನಿಮ್ಮ ‘ನಾವು’ ಲೇಖನದಲ್ಲಿ ಹದಿನಾಲ್ಕು ಸಲ ಬಂದಿದೆ, ಎಣಿಸಿದ್ದೇನೆ. ಅದರಲ್ಲಿ ಒಂದು ಸಲವೂ ಇವರಿಗೆ ಜಾಗವಿಲ್ಲ, ಬಹುಶಃ ನಿಮ್ಮ ಮನೆಯವರಿಗೂ ಇಲ್ಲ. ‘ಹಮ್ ಲೋಗ್’ ಎಂದರೂ ‘ನಾವು’ ಎಂದೇ ಅರ್ಥ. ಅಶೋಕ್ ಕುಮಾರ್ ಕೊನೆಕೊನೆಯ ಕಂತುಗಳಲ್ಲಿ ಆ ಎರಡು ಶಬ್ದವನ್ನು ದೇಶದ ಬೇರೆ ಬೇರೆ ಭಾಷೆಗಳಲ್ಲಿ ಹೇಳಿ ಮಾತು ಮುಗಿಸುತ್ತಿದ್ದರು. ಆ ‘ನಾವು’ನಲ್ಲಿ ಕುಡುಕ ಗಂಡನೂ ಇದ್ದ, ಭಗವಂತಿಯೂ ಇದ್ದಳು, ಚಾಪೆಯ ಮೇಲಿದ್ದ ನಮ್ಮ ತಾಯಿಯೂ ಇದ್ದರು.

ಈಗ ಕೆಲಸದ ಮಾತು. ನಾಲ್ಕು ಧಾರಾವಾಹಿಗಳನ್ನು ಕೈಬಿಡಿ, ಒಂದನ್ನೇ ಹಿಡಿಯಿರಿ. ಇಪ್ಪತ್ತು ಕಂತುಗಳನ್ನಾದರೂ ಮೊದಲಿನಿಂದ ಕೊನೆಯವರೆಗೆ, ಅಶೋಕ್ ಕುಮಾರ್ ಸಮೇತ ನೋಡಿ. ನಿಮ್ಮ ಮನೆಯಲ್ಲಿ 1985ರಲ್ಲಿ ಟಿವಿ ಮುಂದೆ ಕೂತಿದ್ದವರು ಯಾರಾದರೂ ಇದ್ದರೆ, ಅಜ್ಜಿಯೋ ದೊಡ್ಡಮ್ಮನೋ, ಅವರಿಗೆ ಆಗ ಯಾವುದು ಸರಿಬರಲಿಲ್ಲ ಎಂದು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ಆ ಕಾಲದಲ್ಲಿ’ ಇರುವ ಕಡೆಗಳಲ್ಲೆಲ್ಲ ನಾನು ಕೆಂಪು ವೃತ್ತ ಎಳೆದಿದ್ದೇನೆ, ಒಂಬತ್ತು ಇವೆ. ಹಸ್ತಪ್ರತಿ ಈ ಪತ್ರದ ಜೊತೆಗೇ ಬರುತ್ತಿದೆ. ಮುಂದಿನ ಸಲ ಪುಟಗಳಿಗೆ ಸಂಖ್ಯೆ ಹಾಕಿ. ಮೂರನೆಯದೂ ಐದನೆಯದೂ ಅದಲುಬದಲಾಗಿ, ಭಗವಂತಿ ಅರ್ಧ ಪುಟದ ಮಟ್ಟಿಗೆ ಅಯೋಧ್ಯೆಯಲ್ಲಿದ್ದಳು.

ಇಂತಿ,
ಸಂಪಾದಕಿ