ಸಂಜೆ ಬಂದವನಿಗೂ ಪೂರ್ತಿ ಕೂಲಿಯೇಕೆ?

ಪ್ರಶ್ನೆ: ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಯಜಮಾನನು ಬೆಳಗಿನಿಂದ ದುಡಿದವರಿಗೂ ಸಂಜೆ ಒಂದೇ ತಾಸು ದುಡಿದವರಿಗೂ ಸಮನಾದ ಕೂಲಿ ಕೊಡುತ್ತಾನೆ. ನಮಗೂ ಸ್ವಲ್ಪ ಅಡಿಕೆ ತೋಟವಿದೆ. ಅರ್ಧ ದಿನ ಬಂದವರಿಗೆ ಅರ್ಧ ಕೂಲಿ ಎಂಬುದೇ ನಮ್ಮ ರೂಢಿ. ಈ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಓದಿದಾಗಲೆಲ್ಲ ಮೊದಲು ಬಂದವರ ಗೊಣಗಾಟವೇ ನ್ಯಾಯವೆನಿಸುತ್ತದೆ. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?
– ಓದುಗರೊಬ್ಬರು, ಮಲೆನಾಡು

ಉತ್ತರ: ನಿಮಗೆ ಹಾಗೆನಿಸುವುದು ಸಹಜ, ಕೇಳುವವರ ಮನಸ್ಸಿನಲ್ಲಿ ಆ ಗೊಣಗಾಟ ಏಳುವಂತೆಯೇ ಯೇಸುಸ್ವಾಮಿ ಈ ಕಥೆಯನ್ನು ಹೇಳಿದ್ದಾನೆ. ಕಡೆಯಲ್ಲಿ ಬಂದವರಿಂದ ಆರಂಭಿಸಿ ಕೂಲಿ ಕೊಡಬೇಕೆಂದು ಯಜಮಾನನು ಪಾರುಪತ್ಯಗಾರನಿಗೆ ಅಪ್ಪಣೆ ಮಾಡುತ್ತಾನೆ. ಮೊದಲು ಬಂದವರಿಗೆ ಮೊದಲೇ ಕೊಟ್ಟಿದ್ದರೆ, ಅವರು ಮುಂಜಾನೆ ಒಪ್ಪಿಕೊಂಡಿದ್ದ ಒಂದು ದೆನಾರಿ ನಾಣ್ಯವನ್ನು ಪಡೆದು ಸಂತೋಷದಿಂದಲೇ ಮನೆಗೆ ಹೋಗುತ್ತಿದ್ದರು. ಅವರಿಗೆ ಸಲ್ಲಬೇಕಾದುದರಲ್ಲಿ ಒಂದು ಕಾಸೂ ಕಡಿಮೆಯಾಗಲಿಲ್ಲ. ಪಕ್ಕದವನ ಕೈಯಲ್ಲಿದ್ದುದನ್ನು ಕಂಡ ಮೇಲೆ ತಮ್ಮದು ಕಡಿಮೆಯೆನಿಸಿತು.

ಇದಕ್ಕೆ ಸ್ವಲ್ಪ ಹಿಂದೆ, 19:27ರಲ್ಲಿ, ಯೇಸುವಿನ ಶಿಷ್ಯನಾದ ಪೇತ್ರನು 'ನಾವು ಎಲ್ಲವನ್ನೂ ಬಿಟ್ಟು ನಿನ್ನನ್ನು ಹಿಂಬಾಲಿಸಿದೆವಲ್ಲಾ, ನಮಗೇನು ದೊರಕುವುದು' ಎಂದು ಕೇಳಿರುತ್ತಾನೆ. ಆದ್ದರಿಂದ ಈ ಸಾಮ್ಯವು ಮೊಟ್ಟಮೊದಲಿಗೆ ಶಿಷ್ಯರಿಗೇ ಹೇಳಿದ ಮಾತು. ಇಂದು ಅದು ತಲೆಮಾರುಗಳಿಂದ ಸಭೆಯಲ್ಲಿದ್ದು, ನಿನ್ನೆ ಮೊನ್ನೆ ಬಂದವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸುವ ನಮ್ಮಂಥವರಿಗೆ ತಾಗಬೇಕು.

ಆದರೆ ನಾವು ಬೇಗ ದಾಟಿಹೋಗುವ ವಾಕ್ಯವೆಂದರೆ ಏಳನೆಯದು. ಸೂರ್ಯೋದಯದಿಂದ ಎಣಿಸಿದರೆ ಹನ್ನೊಂದನೆಯ ತಾಸು, ಅಂದರೆ ಸಂಜೆ ಸುಮಾರು ಐದು ಗಂಟೆಯವರೆಗೂ ಪೇಟೆಯಲ್ಲಿ ನಿಂತಿದ್ದವರನ್ನು ಯಜಮಾನನು ಕಾರಣ ಕೇಳಿದಾಗ, ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎಂದು ಅವರು ಹೇಳುತ್ತಾರೆ. ಅವರು ಸೋಮಾರಿಗಳಾಗಿರಲಿಲ್ಲ. ನಮ್ಮ ನಗರಗಳ ಸರ್ಕಲ್‌ಗಳಲ್ಲಿ ಬೆಳಿಗ್ಗೆ ಕರಣೆ, ಬುತ್ತಿಡಬ್ಬಿಗಳ ಚೀಲ ಹಿಡಿದು ನಿಲ್ಲುವವರನ್ನು ಗಮನಿಸಿದರೆ, ಗಟ್ಟಿಮುಟ್ಟಾದವರು ಮೊದಲು ಗಾಡಿ ಹತ್ತುತ್ತಾರೆ. ವಯಸ್ಸಾದವರು ಬಿಸಿಲೇರಿದ ಮೇಲೂ ಅಲ್ಲೇ ಉಳಿದಿರುತ್ತಾರೆ. ಅಂಥವನಿಗೆ ಲೆಕ್ಕದ ಪ್ರಕಾರ ದೆನಾರಿಯ ಹನ್ನೆರಡನೆಯ ಒಂದು ಪಾಲನ್ನು ಕೊಟ್ಟಿದ್ದರೆ ಆ ರಾತ್ರಿ ಅವನ ಮನೆಯವರು ಹೊಟ್ಟೆ ತುಂಬ ಉಣ್ಣುವಂತಿರಲಿಲ್ಲ. ಯಜಮಾನನು ನೋಡಿದ್ದು ಅವನ ಮನೆಯ ಹಸಿವನ್ನು. ದೇವರ ಕೃಪೆಯೂ ಹಾಗೆಯೇ ನಮ್ಮ ಅರ್ಹತೆಯನ್ನು ಅಳೆಯದೆ ಅಗತ್ಯವನ್ನು ನೋಡುತ್ತದೆ.

ಇನ್ನು ನಿಮ್ಮ ತೋಟದ ವಿಚಾರ. ಈ ಸಾಮ್ಯವು ಪರಲೋಕರಾಜ್ಯದ ಕುರಿತದ್ದೇ ಹೊರತು ಕೂಲಿಯ ದರಪಟ್ಟಿಯಲ್ಲ. ಅರ್ಧ ದಿನಕ್ಕೆ ಅರ್ಧ ಕೂಲಿ ಕೊಡುವುದನ್ನು ಪಾಪವೆಂದು ನಾನು ಹೇಳಲಾರೆ. ಆದರೆ ಮಳೆ ಬಂದೋ, ನಿಮ್ಮ ಕಡೆಯ ಅಡಚಣೆಯಿಂದಲೋ ಕೆಲಸ ಅರ್ಧಕ್ಕೆ ನಿಂತಿದ್ದರೆ, ದಿನವಿಡೀ ದುಡಿಯಲೆಂದೇ ಬಂದವರಿಗೆ ಪೂರ್ತಿ ಕೊಡುವುದು ಈ ಯಜಮಾನನ ಮನಸ್ಸಿಗೆ ಹತ್ತಿರವೆಂದು ನನ್ನ ಅಭಿಪ್ರಾಯ. ಇದಕ್ಕಿಂತ ಖಚಿತವಾದ ಆಜ್ಞೆಯೂ ಸತ್ಯವೇದದಲ್ಲಿದೆ: ಬಡ ಕೂಲಿಯವನು ಆ ಹಣವನ್ನೇ ನೆಚ್ಚಿಕೊಂಡಿರುವುದರಿಂದ ಹೊತ್ತು ಮುಳುಗುವುದರೊಳಗೆ ಕೊಟ್ಟುಬಿಡಬೇಕೆಂದು ಧರ್ಮೋಪದೇಶಕಾಂಡ 24:15 ವಿಧಿಸುತ್ತದೆ. ವಾರಕ್ಕೊಮ್ಮೆ, ಸಂತೆಯ ಹಿಂದಿನ ದಿನ ಬಟವಾಡೆ ಮಾಡುವ ಪದ್ಧತಿ ನಿಮ್ಮಲ್ಲಿದ್ದರೆ, ಅದು ಅವರಿಗೂ ಅನುಕೂಲವೇ ಎಂದು ಮೊದಲು ಅವರನ್ನೇ ಕೇಳಿ ನೋಡಿರಿ.