ಓದುಗರ ಪ್ರಶ್ನೆ: ಓರೆಯಾದ ಅಕ್ಷರವೆಲ್ಲ ಇಟಾಲಿಕ್ ಅಲ್ಲ

ಪ್ರಶ್ನೆ: ನಮ್ಮ ಕಾಫಿ ನರ್ಸರಿಯಿಂದ ಬೆಳೆಗಾರರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಗಿಡಗಳ ವೈಜ್ಞಾನಿಕ ಹೆಸರುಗಳು ಇಂಗ್ಲಿಷ್ ಲಿಪಿಯಲ್ಲಿ, ಗ್ಯಾರಮಾಂಡ್ ಎಂಬ ಫಾಂಟಿನ ಇಟಾಲಿಕ್‌ನಲ್ಲಿ ಇರಬೇಕೆಂದು ಕರಡು ತಿದ್ದಿದವರು ಸೂಚಿಸಿದ್ದರು. ಡಿಟಿಪಿಯವರು ಮಾಮೂಲಿ ಗ್ಯಾರಮಾಂಡನ್ನೇ ವಾಲಿಸಿ ಕೊಟ್ಟಿದ್ದಾರೆ. ಎರಡೂ ಒಂದೇ ಅಲ್ಲವೇ? ಕನ್ನಡದ ಹೆಸರುಗಳನ್ನೂ ಹೀಗೆಯೇ ವಾಲಿಸಬಹುದೇ?
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಎರಡೂ ಒಂದೇ ಅಲ್ಲ. ಕರಡು ತಿದ್ದಿದವರ ಮಾತನ್ನು ದಯವಿಟ್ಟು ನಡೆಸಿಕೊಡಿ. ಇಟಾಲಿಕ್ ಎಂಬುದು ನೇರ ಅಕ್ಷರವನ್ನು ಬಾಗಿಸಿ ಪಡೆದ ರೂಪವಲ್ಲ. ಬೇರೊಂದು ಕೈಬರಹದಿಂದ ಹುಟ್ಟಿದ ಸ್ವತಂತ್ರ ಅಕ್ಷರ. 15ನೆಯ ಶತಮಾನದ ಇಟಲಿಯ ವಿದ್ವಾಂಸರು ಬೇಗ ಬರೆಯುವುದಕ್ಕಾಗಿ ರೂಢಿಸಿಕೊಂಡಿದ್ದ ಕೂಡುಬರಹವನ್ನು, ವೆನಿಸ್‌ನ ಮುದ್ರಕ ಆಲ್ಡಸ್ ಮನುಷಿಯಸ್‌ನಿಗಾಗಿ ಫ್ರಾನ್ಚೆಸ್ಕೊ ಗ್ರಿಫೊ ಎಂಬ ಕುಶಲಿ ಅಚ್ಚುಮೊಳೆಗೆ ಇಳಿಸಿದನು. 1501ರಲ್ಲಿ ಆಲ್ಡಸ್ ಹೊರತಂದ, ಕೈಯಲ್ಲಿ ಹಿಡಿದು ಓದಬಹುದಾದ ಪುಟ್ಟ ಗಾತ್ರದ, ಪ್ರಾಚೀನ ರೋಮಿನ ಕವಿ ವರ್ಜಿಲ್‌ನ ಕಾವ್ಯಗಳು ಆದ್ಯಂತವಾಗಿ ಈ ಅಕ್ಷರದಲ್ಲಿಯೇ ಇದ್ದವು, ದೊಡ್ಡಕ್ಷರಗಳು ಮಾತ್ರ ನೇರವಾಗಿ ನಿಂತಿದ್ದವು. ಒಂದು ಪದವನ್ನು ಎತ್ತಿ ತೋರಿಸಲು ನೇರ ಅಕ್ಷರದ ಪಕ್ಕದಲ್ಲಿ ಇಟಾಲಿಕ್ ಬಳಸುವ ಪದ್ಧತಿ ಆಮೇಲಿನದು.

ಗ್ಯಾರಮಾಂಡ್ ಹೆಸರಿನ ಇಟಾಲಿಕ್‌ಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. 1989ರಲ್ಲಿ ಅಕ್ಷರ ವಿನ್ಯಾಸಕ ರಾಬರ್ಟ್ ಸ್ಲಿಂಬಾಕ್ ರೂಪಿಸಿದ ಅಡೋಬಿ ಗ್ಯಾರಮಾಂಡ್‌ನಲ್ಲಿ ನೇರ ಅಕ್ಷರಗಳಿಗೆ ಆಧಾರ 16ನೆಯ ಶತಮಾನದ ಪ್ಯಾರಿಸ್ಸಿನ ಕ್ಲೋಡ್ ಗ್ಯಾರಮಾಂಡ್‌ನ ಮೊಳೆಗಳಾದರೆ, ಇಟಾಲಿಕ್‌ಗೆ ಆಧಾರ ಅವನ ಸಮಕಾಲೀನ ರೊಬೇರ್ ಗ್ರಾಂಜೋನ್‌ನ ಮೊಳೆಗಳು. ಇಬ್ಬರು ಕೆತ್ತನೆಗಾರರ ಕೈಚಳಕ ಒಂದೇ ಸಾಲಿನಲ್ಲಿ ಇಷ್ಟು ಹೊಂದಿಕೊಂಡು ನಿಲ್ಲುವುದು ನನಗೆ ಇಂದಿಗೂ ಬೆರಗಿನ ಸಂಗತಿ.

ನಿಮ್ಮ ಕರಡಿನಲ್ಲಿ ಇಂಗ್ಲಿಷಿನ ಸಣ್ಣ ‘ಎ’ ಅಕ್ಷರವನ್ನು ನೋಡಿ. ನಿಜವಾದ ಇಟಾಲಿಕ್‌ನಲ್ಲಿ ಅದರ ನೆತ್ತಿಯ ಮೇಲಿನ ಕೊಕ್ಕೆ ಮಾಯವಾಗಿ, ನಾವು ಪೆನ್ನಿನಲ್ಲಿ ಬರೆಯುವ ಹಾಗೆ ಒಂದೇ ಹೊಟ್ಟೆಯ ಅಕ್ಷರವಾಗಿರುತ್ತದೆ. ‘ಎಫ್’ ಅಕ್ಷರದ ಬಾಲ ಸಾಲಿನ ಕೆಳಗೆ ಇಳಿಯುತ್ತದೆ. ನೇರ ಅಕ್ಷರದ ಗೀಟುಗಳ ಬುಡದಲ್ಲಿರುವ ಚಪ್ಪಟೆ ಪಾದಗಳ, ಅಂದರೆ ಸೆರಿಫ್‌ಗಳ, ಜಾಗದಲ್ಲಿ ಲೇಖನಿ ಮೇಲೆದ್ದಾಗ ಉಳಿಯುವಂಥ ಚಿಕ್ಕ ಬಳುಕು ಕಾಣುತ್ತದೆ. ಅಕ್ಷರಗಳು ಒಟ್ಟಾರೆ ಕಿರಿದಾಗಿ ಒತ್ತಾಗಿ ಕೂರುತ್ತವೆ. ಯಂತ್ರ ವಾಲಿಸಿದ ಅಕ್ಷರದಲ್ಲಿ ಇವೊಂದೂ ಇರುವುದಿಲ್ಲ. ಕೊಕ್ಕೆಯೂ ಪಾದವೂ ಹಾಗೆಯೇ ಉಳಿದು, ಗೀಟಿನ ದಪ್ಪ ಇರಬೇಕಾದ ಕಡೆಯಿಂದ ಜರುಗಿ ದುಂಡು ಭಾಗಗಳೆಲ್ಲ ಸೊಟ್ಟಗಾಗುತ್ತವೆ. ಫಾಂಟಿನ ಇಟಾಲಿಕ್ ಕಡತ ಕಂಪ್ಯೂಟರಿನಲ್ಲಿ ಇಲ್ಲದಿದ್ದಾಗ ಕೆಲವು ತಂತ್ರಾಂಶಗಳು ಹೀಗೆ ವಾಲಿಸಿ ಕೊಡುತ್ತವೆ. ಉಚಿತವಾಗಿ ಸಿಗುವ ಇಬಿ ಗ್ಯಾರಮಾಂಡ್‌ನಲ್ಲಿ ನಿಜವಾದ ಇಟಾಲಿಕ್ ಇದೆ, ಅದನ್ನು ಹಾಕಿಸಿಕೊಳ್ಳಿ.

ಬಳಕೆಯ ಕಡೆಗೆ ಬಂದರೆ, ‘ಕಾಫಿಯಾ ಅರೇಬಿಕಾ’ (Coffea arabica) ಎಂಬ ವೈಜ್ಞಾನಿಕ ಹೆಸರಿನ ಎರಡು ಪದಗಳೂ ಇಟಾಲಿಕ್‌ನಲ್ಲಿರಬೇಕು. ಮೊದಲ ಪದ ದೊಡ್ಡಕ್ಷರದಿಂದ ಆರಂಭವಾಗಬೇಕು, ಎರಡನೆಯದು ಪೂರ್ತಿ ಸಣ್ಣಕ್ಷರದಲ್ಲಿರಬೇಕು. ನೆರಳಿನಲ್ಲಿ ಬೆಳೆಯುವ ಕಾಳುಮೆಣಸಿಗೂ ಏಲಕ್ಕಿಗೂ ಇದೇ ನಿಯಮ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಸೆಲೆಕ್ಷನ್ 795ರಂಥ ತಳಿಯ ಹೆಸರು ಮಾತ್ರ ನೇರ ಅಕ್ಷರದಲ್ಲಿಯೇ ಉಳಿಯಬೇಕು, ಏಕೆಂದರೆ ಅದು ಲ್ಯಾಟಿನ್ ಜಾತಿನಾಮದ ಭಾಗವಲ್ಲ. ಶೀರ್ಷಿಕೆಯೇ ಇಟಾಲಿಕ್‌ನಲ್ಲಿದ್ದರೆ ಅದರೊಳಗಿನ ವೈಜ್ಞಾನಿಕ ಹೆಸರನ್ನು ನೇರವಾಗಿಸಿ. ಪ್ರತ್ಯೇಕವಾಗಿ ಕಾಣುವುದೇ ಇಲ್ಲಿ ಮುಖ್ಯ. ಆದರೆ ಔಷಧ ಸಿಂಪಡಣೆಯ ಎಚ್ಚರಿಕೆಯಂಥ ಇಡೀ ಪ್ಯಾರಾಗಳನ್ನು ಇಟಾಲಿಕ್‌ನಲ್ಲಿ ಹಾಕಬೇಡಿ. ಕಿರಿದಾದ, ಒತ್ತಾದ ಅಕ್ಷರ ಸಾಲುಗಟ್ಟಲೆ ಮುಂದುವರಿದರೆ ಕಣ್ಣು ದಣಿಯುತ್ತದೆ, ಓದಲೇಬೇಕಾದ ಮಾತು ಓದದೇ ಉಳಿಯುತ್ತದೆ.

ಕನ್ನಡವನ್ನು ಮಾತ್ರ ವಾಲಿಸಬೇಡಿ. ನಮ್ಮ ಮುದ್ರಣದಲ್ಲಿ ನೇರ ಅಕ್ಷರಕ್ಕೆ ಜೊತೆಯಾಗಿ ಬೆಳೆದುಬಂದ ಓರೆ ಬರಹದ ಪರಂಪರೆಯಿಲ್ಲ, ಮತ್ತು ನಮ್ಮ ಅಕ್ಷರದ ಚೆಲುವೆಲ್ಲ ಅದರ ದುಂಡುತನದಲ್ಲಿದೆ. ವಾಲಿಸಿದೊಡನೆ ತಲೆಕಟ್ಟು ಒಂದು ಕಡೆಗೂ ಒತ್ತಕ್ಷರ ಇನ್ನೊಂದು ಕಡೆಗೂ ಎಳೆದಂತಾಗಿ ಪದದ ಸಮತೋಲವೇ ಕೆಡುತ್ತದೆ. ದಪ್ಪಕ್ಷರವೋ ಉದ್ಧರಣ ಚಿಹ್ನೆಯೋ ಸಾಕು. ಓರೆ ಬೇಕೇ ಬೇಕೆಂದಾದರೆ, ಆ ರೂಪವನ್ನೂ ಜೊತೆಗಿಟ್ಟುಕೊಂಡಿರುವ ಟಿರೊ ಕನ್ನಡದಂಥ ಫಾಂಟನ್ನು ಆರಿಸಿಕೊಳ್ಳಿ.

ಪ್ರಶ್ನೆ: ಮದುವೆಯ ಆಹ್ವಾನ ಪತ್ರಿಕೆಯಲ್ಲಿ ವಧೂವರರ ಹೆಸರನ್ನು ಬಳುಕು ಬಾಲಗಳಿರುವ ಇಟಾಲಿಕ್ ದೊಡ್ಡಕ್ಷರಗಳಲ್ಲಿಯೇ ಪೂರ್ತಿ ಹಾಕಿದ್ದೇವೆ. ಹೆಸರು ಓದಲಾಗುತ್ತಿಲ್ಲವೆಂದು ಗ್ರಾಹಕರು ಹೇಳುತ್ತಾರೆ. ಏನು ಮಾಡಬೇಕು?
— ಮುದ್ರಣಾಲಯ ನಡೆಸುವವರು, ಹಾಸನ

ಉತ್ತರ: ಗ್ರಾಹಕರ ಮಾತು ಸರಿ. ಅಂಥ ದೊಡ್ಡಕ್ಷರಗಳು ಪದದ ಆರಂಭಕ್ಕೆಂದು ರೂಪಿಸಿದವು. ಒಂದರ ಪಕ್ಕ ಒಂದು ಬಂದರೆ ಬಾಲಗಳು ಹೆಣೆದುಕೊಂಡು ಅಕ್ಷರದ ಗುರುತೇ ಸಿಗುವುದಿಲ್ಲ. ಹೆಸರಿನ ಮೊದಲ ಅಕ್ಷರಕ್ಕೆ ಮಾತ್ರ ಅದನ್ನು ಬಳಸಿ, ಉಳಿದವನ್ನು ಸಣ್ಣ ಇಟಾಲಿಕ್‌ನಲ್ಲಿ ಹಾಕಿ. ದಿನಾಂಕ, ಮುಹೂರ್ತ, ಕಲ್ಯಾಣ ಮಂಟಪದ ವಿಳಾಸಗಳನ್ನು ನೇರ ಅಕ್ಷರದಲ್ಲಿಯೇ ಮುದ್ರಿಸಿ.