‘ಲುಕ್ ಫಾರ್ವರ್ಡ್ ಟು’ ಆದಮೇಲೆ ‘ಹಿಯರ್’ ಬರಬೇಕೋ, ‘ಹಿಯರಿಂಗ್’ ಬರಬೇಕೋ?

ಈಮೇಲ್ ಕೊನೆಗೆ ‘ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯೂ’ ಅಂತ ಬರೆದಿದ್ದಕ್ಕೆ ಮ್ಯಾನೇಜರ್ ‘ಹಿಯರಿಂಗ್’ ಮಾಡಿ ಅಂದರು, ‘ಟು’ ಆದಮೇಲೆ ‘ಇಂಗ್’ ಹೇಗೆ ಬರುತ್ತೆ ಅಂತ ಕೇಳಿದ್ದೀರಿ. ಮ್ಯಾನೇಜರ್ ಹೇಳಿದ್ದೇ ಸರಿ.

ಇಂಗ್ಲಿಷಿನಲ್ಲಿ ‘ಟು’ಗೆ ಎರಡು ಕೆಲಸ. ‘ಐ ವಾಂಟ್ ಟು ಗೋ’ ಅನ್ನುವಾಗ ಅದು ಕ್ರಿಯಾಪದಕ್ಕೆ ಅಂಟಿಕೊಂಡಿರುತ್ತದೆ, ನಮ್ಮ ‘ಹೋಗಲು’ ಪದದ ‘ಅಲು’ ಇದ್ದ ಹಾಗೆ. ‘ಲುಕ್ ಫಾರ್ವರ್ಡ್ ಟು’ನಲ್ಲಿ ಇರುವುದು ಪ್ರಿಪೊಸಿಷನ್, ಅದರ ಮುಂದೆ ನಾಮಪದವೇ ಬರಬೇಕು. ಕ್ರಿಯಾಪದ ಬೇಕೇ ಬೇಕು ಅಂದರೆ ‘ಇಂಗ್’ ಸೇರಿಸಿ ಅದನ್ನು ನಾಮಪದ ಮಾಡಿಕೊಳ್ಳಬೇಕು. ಅನುಮಾನ ಬಂದಾಗ ಆ ಜಾಗದಲ್ಲಿ ‘ಇಟ್’ ಹಾಕಿ ನೋಡಿ. ‘ಐ ಲುಕ್ ಫಾರ್ವರ್ಡ್ ಟು ಇಟ್’ ಸರಿಯಾಗಿ ಕೂರುತ್ತದೆ, ಹಾಗಾಗಿ ‘ಇಂಗ್’. ‘ಐ ವಾಂಟ್ ಟು ಇಟ್’ ಕೂರುವುದಿಲ್ಲ.

ಇಲ್ಲಿ ಕನ್ನಡದ ಕಿವಿಯನ್ನೂ ನಂಬಬಹುದು. ‘ನಿಮ್ಮನ್ನು ಭೇಟಿಯಾಗಲು ಎದುರು ನೋಡುತ್ತಿದ್ದೇನೆ’ ಅಂದರೆ ಎಲ್ಲೋ ಎಡವಿದ ಹಾಗಾಗುತ್ತದೆ. ‘ಭೇಟಿಯಾಗುವುದನ್ನು ಎದುರು ನೋಡುತ್ತಿದ್ದೇನೆ’ ಅಂದರೆ ಸಲೀಸು. ಆ ‘ಆಗುವುದು’ ಮಾಡುವ ಕೆಲಸವನ್ನೇ ಅಲ್ಲಿ ‘ಇಂಗ್’ ಮಾಡುತ್ತದೆ. ಎರಡು ಭಾಷೆಗಳ ನುಡಿಗಟ್ಟು ಇಷ್ಟು ಹತ್ತಿರ ಬರುವುದು ನನಗೆ ಬಹಳ ಇಷ್ಟವಾದ ಸಂಗತಿ.

ಆದರೂ ಅರ್ಥ ಪೂರ್ತಿ ಒಂದೇ ಅಲ್ಲ. ಬಸ್ಸನ್ನು ಎದುರು ನೋಡುತ್ತಾ ನಿಂತವನಿಗೆ ಖುಷಿ ಇರಲೇಬೇಕೆಂದಿಲ್ಲ; ಇಂಗ್ಲಿಷಿನ ಮಾತಿನಲ್ಲಿ ಖುಷಿ ಇರಲೇಬೇಕು. ಬಸ್ಸಿಗೆ ‘ವೇಟಿಂಗ್ ಫಾರ್’ ಸಾಕು. ‘ಐ ಯಾಮ್ ನಾಟ್ ಲುಕಿಂಗ್ ಫಾರ್ವರ್ಡ್ ಟು ದಿ ಆಪರೇಷನ್’ ಅಂದರೆ ಆಪರೇಷನ್ ನೆನೆಸಿಕೊಂಡರೇ ಮನಸ್ಸಿಗೆ ಕಸಿವಿಸಿ ಅಂತ ಅರ್ಥ.

ನಮ್ಮವರು ಮಾಡುವ ಇನ್ನೊಂದು ತಪ್ಪು ‘ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ’. ‘ಉತ್ತರಕ್ಕಾಗಿ ಕಾಯುತ್ತಿದ್ದೇನೆ’ ಅನ್ನುವುದು ತಲೆಯಲ್ಲಿರುವುದರಿಂದ ‘ಫಾರ್’ ನುಸುಳುತ್ತದೆ. ಅಲ್ಲೂ ‘ಟು’ ಬೇಕು.

ಅರ್ಜಿ, ಕಚೇರಿ ಪತ್ರಗಳಿಗೆ ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ’ ಬರೆಯಿರಿ. ಪರಿಚಯದವರಿಗಾದರೆ ‘ಐ ಯಾಮ್ ಲುಕಿಂಗ್ ಫಾರ್ವರ್ಡ್ ಟು ಸೀಯಿಂಗ್ ಯೂ’ ಹೆಚ್ಚು ಆತ್ಮೀಯ.

ಇದೇ ಜಾತಿಯ ‘ಟು’ ಇನ್ನೊಂದು ಕಡೆ ತುಂಬಾ ಕಾಡುತ್ತದೆ. ‘ಐ ಯಾಮ್ ಯೂಸ್ಡ್ ಟು ವೇಕಿಂಗ್ ಅಪ್ ಅರ್ಲಿ’ ಅಂದರೆ ಬೇಗ ಏಳುವುದು ನನಗೆ ರೂಢಿಯಾಗಿದೆ. ‘ಯಾಮ್’ ಮತ್ತು ‘ಇಂಗ್’ ಬಿಟ್ಟು ‘ಐ ಯೂಸ್ಡ್ ಟು ವೇಕ್ ಅಪ್ ಅರ್ಲಿ’ ಅಂದಿರೋ, ಮೊದಲು ಬೇಗ ಏಳುತ್ತಿದ್ದೆ, ಈಗ ಇಲ್ಲ ಅಂತಾಗುತ್ತದೆ.